ಕಂದಕವೋ ಕಡವೋ? ಹಂಪೆ–ಆನೆಗೊಂದಿಯ ನಡುವಣ ತುಂಗಭದ್ರೆಯಲ್ಲಿ ಒಂದು ಅನ್ವೇಷಣೆ

ವಿಜಯನಗರದ ಇತಿಹಾಸವನ್ನು ಬೋಧಿಸುವ ನಮ್ಮಲ್ಲಿ ಅನೇಕರು ರಾಜಧಾನಿಯ ನೆಲೆಯನ್ನು ವರ್ಣಿಸುವಾಗ ಒಂದು ಮಾತನ್ನು ತಪ್ಪದೆ ಹೇಳುತ್ತೇವೆ: ಸುತ್ತಲೂ ಬಂಡೆಗಳ ಬೆಟ್ಟ, ಬೆಟ್ಟಗಳನ್ನು ಹೆಣೆದ ಕೋಟೆ, ಉತ್ತರಕ್ಕೆ ತುಂಗಭದ್ರೆಯೆಂಬ ಪ್ರಕೃತಿದತ್ತವಾದ ಕಂದಕ. ಈ ಮಾತನ್ನು ನಾನೂ ಎಂಟು ವರ್ಷಗಳಿಂದ ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ಕರಿಹಲಗೆಯ ಮೇಲೆ ನದಿಯನ್ನು ಒಂದು ದಪ್ಪ ಗೆರೆಯಾಗಿ ಎಳೆದು, ಶತ್ರುವಿಗೆ ಇದು ದುರ್ಗಮವಾಗಿತ್ತೆಂದು ವಿವರಿಸಿದ್ದೇನೆ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಅದೇ ಮಾತು ನನಗೆ ಹಿಂದಿರುಗಿ ಬಂದಿದೆ. ಅದಕ್ಕೆ ನಾನು ಅಂಕಗಳನ್ನೂ ಕೊಟ್ಟಿದ್ದೇನೆ. ಆದರೆ ಆ ಗೆರೆಯನ್ನು ನಾನು ದಡದಿಂದ ನೋಡಿದ್ದೆನೇ ಹೊರತು ಅದರೊಳಗೆ ಇಳಿದಿರಲಿಲ್ಲ.

ಕಳೆದ ಫಾಲ್ಗುಣ ಮಾಸದಲ್ಲಿ ನಮ್ಮ ಕಾಲೇಜಿನ ಭೂವಿಜ್ಞಾನದ ಅಧ್ಯಾಪಕರೂ ನನ್ನ ಬಹುಕಾಲದ ಮಿತ್ರರೂ ಆದವರೊಬ್ಬರ ಜೊತೆಯಲ್ಲಿ ಮೂರು ದಿನ ಆ ನದಿಯ ಪಾತ್ರದಲ್ಲಿ ಸಂಚರಿಸುವ ಅವಕಾಶ ಒದಗಿತು. ಸಾಧ್ಯವಾದಲ್ಲಿ ಕಾಲ್ನಡಿಗೆ, ನೀರು ಆಳವಾದಲ್ಲಿ ಹರಿಗೋಲು ಎಂಬುದು ನಮ್ಮ ಏರ್ಪಾಡು. ಆ ಸಂಚಾರದಿಂದ ನನಗೆ ತಿಳಿದುದನ್ನು, ಗ್ರಂಥಸ್ಥವಾದ ಆಧಾರಗಳೊಡನೆ ಹೋಲಿಸಿ, ಪ್ರಸ್ತುತ ಲೇಖನದಲ್ಲಿ ನಿವೇದಿಸುತ್ತೇನೆ. ಹೊಸ ಶಾಸನವಾವುದೂ ಇಲ್ಲಿ ಬೆಳಕಿಗೆ ಬಂದಿಲ್ಲ. ಹಳೆಯ ಆಧಾರಗಳನ್ನು ಹೊಳೆಯೊಳಗೆ ನಿಂತು ಓದಿದರೆ ಅವುಗಳ ಅರ್ಥ ಹೇಗೆ ಬದಲಾಗುತ್ತದೆಂಬುದನ್ನು ತೋರಿಸುವುದಷ್ಟೇ ಉದ್ದೇಶ.

1. ನದಿಯ ಸ್ವರೂಪ

ತುಂಗೆ ಭದ್ರೆಗಳೆರಡೂ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಶಿವಮೊಗ್ಗೆಯ ಸಮೀಪದ ಕೂಡಲಿಯಲ್ಲಿ ಒಂದಾಗಿ, ಮುಂದೆ ಕೃಷ್ಣೆಯನ್ನು ಸೇರುವವರೆಗೆ ತುಂಗಭದ್ರೆಯೆಂಬ ಹೆಸರಿನಿಂದ 531 ಕಿಲೋಮೀಟರ್ ಹರಿಯುತ್ತವೆ. ಈ ದೀರ್ಘ ಪಯಣದಲ್ಲಿ ಹಂಪೆಯ ಪ್ರದೇಶದಷ್ಟು ಒರಟಾದ ಪಾತ್ರ ಬೇರೆಡೆ ಅಪರೂಪ. ಇಲ್ಲಿನ ಕಲ್ಲು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಗ್ರಾನೈಟ್ ಶಿಲೆ. ನೆಲದಾಳದಲ್ಲಿ ಅದಕ್ಕೆ ಉದ್ದಕ್ಕೂ ಅಡ್ಡಕ್ಕೂ ಬಿರುಕುಗಳು ಬಿದ್ದವು. ಬಿರುಕಿನೊಳಗೆ ಇಳಿದ ನೀರು ಕಲ್ಲಿನ ಅಂಚುಗಳನ್ನು ಕೊಳೆಯಿಸಿ ಮೂಲೆಗಳನ್ನು ದುಂಡಾಗಿಸಿತು. ಮೇಲಣ ಮಣ್ಣು ಕೊಚ್ಚಿಹೋದ ಮೇಲೆ ಗುಂಡುಗಳು ಒಂದರ ಮೇಲೊಂದು ಪೇರಿಸಿಟ್ಟಂತೆ ಉಳಿದುವು. ದಡದ ಬೆಟ್ಟಗಳಲ್ಲಿ ನಾವು ಕಾಣುವ ಆ ಗುಂಡುಗಳೇ ನದಿಯ ಪಾತ್ರದಲ್ಲಿಯೂ ಹರಡಿಕೊಂಡಿವೆ. ಹೊಳೆ ಬಿರುಕುಗಳನ್ನು ಹಿಡಿದು ಹರಿಯುವುದರಿಂದ, ಒಂದೆಡೆ ಇಕ್ಕಟ್ಟಾದ ಆಳದ ಮಡು, ಇನ್ನೊಂದೆಡೆ ಹತ್ತಾರು ಸೀಳುಗಳಾಗಿ ಒಡೆದು ಬಂಡೆಗಳ ನಡುವೆ ನುಗ್ಗುವ ತೆಳು ನೀರು, ಹೀಗೆ ಅದರ ರೂಪ ಮಾರುಮಾರಿಗೂ ಬದಲಾಗುತ್ತದೆ.

ಈ ಭಾಗ ಇಂದಿಗೂ ಬಹುಮಟ್ಟಿಗೆ ಕಾಡುಹೊಳೆಯೇ. ಅಣೆಕಟ್ಟೆಯ ಕೆಳಗಿನಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಹರಹನ್ನು 2015ರಲ್ಲಿ ಸರ್ಕಾರವು ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಮೊದಲ ದಿನದ ಬೆಳಗ್ಗೆ ಮರಳಿನ ಮೇಲೆ ಅವುಗಳ ಹೆಜ್ಜೆಗಳನ್ನು ಕಂಡೆವು. ನೀರುನಾಯಿಗಳನ್ನು ಮಾತ್ರ ಕಾಣಲಿಲ್ಲ.

2. ಕಂದಕದ ನಡುವೆ

ಮೊದಲ ದಿನ ನಾವು ಹಂಪೆಯ ಮೇಲುಭಾಗದಲ್ಲಿ, ತುರ್ತು ಕಾಲುವೆಗೆ ನೀರನ್ನು ತಿರುಗಿಸುವ ಹಳೆಯ ಅಣೆಕಟ್ಟಿನ ಸುತ್ತಮುತ್ತ ನಡೆದೆವು. ಈ ಅಣೆಕಟ್ಟು ಹೊಳೆಗೆ ನೇರವಾಗಿ ಅಡ್ಡ ಹಾಕಿದ ಗೋಡೆಯಲ್ಲ. ವಿಜಯನಗರದ ಕಟ್ಟಾಳುಗಳು ಪ್ರಕೃತಿಯೇ ಇಟ್ಟ ಬಂಡೆಗಳನ್ನೂ ನಡುಗಡ್ಡೆಗಳನ್ನೂ ಆಧಾರವಾಗಿ ಹಿಡಿದು, ನಡುವಣ ಸೀಳುಗಳನ್ನು ಮಾತ್ರ ದೊಡ್ಡ ಕಲ್ಲುಗಳಿಂದ ಮುಚ್ಚಿದ್ದಾರೆ. ಆದುದರಿಂದ ಅದು ಓರೆಕೋರೆಯಾಗಿ, ನಡುಗಡ್ಡೆಯಿಂದ ನಡುಗಡ್ಡೆಗೆ ಹಾರುತ್ತ ಸಾಗುತ್ತದೆ. ಹೀಗೆ ತಿರುಗಿಸಿದ ನೀರು ವಿರೂಪಾಕ್ಷ ವಿಠ್ಠಲ ದೇವಾಲಯಗಳಿರುವ ಭಾಗಕ್ಕೂ ಅರಮನೆಗಳ ಭಾಗಕ್ಕೂ ನಡುವಣ ಕಣಿವೆಯಲ್ಲಿ ಈಗಲೂ ಹರಿದು ಗದ್ದೆ ತೋಟಗಳನ್ನು ಸಾಕುತ್ತಿದೆ.

1535ರ ನಂತರ ತನ್ನ ವೃತ್ತಾಂತವನ್ನು ಬರೆದ ಪೋರ್ಚುಗೀಸ್ ವರ್ತಕ ಫೆರ್ನಾವೊ ನೂನಿಜ್, ಹಿಂದಿನ ಅರಸನೊಬ್ಬನು ಬೃಹತ್ತಾದ ಬಂಡೆಗಳನ್ನು ಹೊಳೆಗೆ ಉರುಳಿಸಿ ನೀರನ್ನು ನಗರಕ್ಕೆ ತಂದನೆಂದೂ, ಆನೆಗಳಿಂದ ಎಳೆಯಿಸಿ ತಂದ ಒಂದೇ ಒಂದು ಕಲ್ಲು ನದಿಯನ್ನು ಅರಸನ ಇಚ್ಛೆಗೆ ಬಗ್ಗಿಸಿತೆಂದೂ, ಆ ನೀರಿನಿಂದ ಬೊಕ್ಕಸಕ್ಕೆ 3,50,000 ಪರ್ದಾವೊಗಳಿಗಿಂತ ಹೆಚ್ಚಿನ ಆದಾಯ ಕೂಡಿತೆಂದೂ ಹೇಳುತ್ತಾನೆ. ಆ ದೊಡ್ಡ ಕಲ್ಲಿನ ಕಥೆ ನನಗೆ ಇದುವರೆಗೆ ಕೇವಲ ಅತಿಶಯೋಕ್ತಿಯಾಗಿ ತೋರಿತ್ತು. ಆದರೆ ಇಡೀ ಹೊಳೆ ಕೆಲವೇ ಸೀಳುಗಳಲ್ಲಿ ನುಗ್ಗುವ ಆ ಸ್ಥಳದಲ್ಲಿ ನಿಂತಾಗ, ಸರಿಯಾದ ಒಂದು ಸೀಳಿಗೆ ಬಿದ್ದ ಒಂದು ಕಲ್ಲು ನೀರಿನ ಜಾಡನ್ನೇ ಬದಲಿಸಬಹುದೆಂಬುದು ಕಣ್ಣಿಗೆ ಕಂಡಿತು. ಉತ್ಪ್ರೇಕ್ಷೆಯ ಒಳಗೆ ಹೊಳೆಯನ್ನು ಬಲ್ಲವನೊಬ್ಬನ ಅನುಭವ ಅಡಗಿದೆ.

ಅಲ್ಲಿಂದ ನಾವು ಪಂಚೆಯನ್ನು ಎತ್ತಿ ಕಟ್ಟಿ, ಕೋಲೂರಿಕೊಂಡು ಹೊಳೆಯನ್ನು ಅಡ್ಡ ಹಾಯ್ದೆವು. ಬಹುಪಾಲು ಬಂಡೆಯ ಮೇಲೆಯೇ ನಡೆದೆವು. ನೀರು ಮೊಳಕಾಲಿನ ಮಟ್ಟಕ್ಕಿತ್ತು, ಒಂದೆರಡು ಕಡೆ ಮಾತ್ರ ಸೊಂಟ ಮುಟ್ಟಿತು. ನಡುವೆ ಒಂದು ಬಂಡೆಯ ಮೇಲೆ ಕುಳಿತು ದಣಿವಾರಿಸಿಕೊಳ್ಳುತ್ತಿದ್ದಾಗ ಮಿತ್ರರು ನಕ್ಕು, “ನಿಮ್ಮ ಕಂದಕದ ನಟ್ಟನಡುವೆ ಕುಳಿತಿದ್ದೇವೆ. ನಮ್ಮನ್ನು ಯಾರೂ ತಡೆಯಲಿಲ್ಲವಲ್ಲ!” ಎಂದರು. ಎಂಟು ವರ್ಷಗಳ ಪಾಠ ಮೊಳಕಾಲುದ್ದದ ನೀರಿನಲ್ಲಿ ತೇಲಿಹೋಯಿತೆಂದು ನನಗನ್ನಿಸಿತು.

ಆದರೆ ಮಿತ್ರರೇ ನನ್ನನ್ನು ಮರುಕ್ಷಣ ಎಚ್ಚರಿಸಿದರು. ನಾವು ದಾಟಿದುದು ಇಂದಿನ ತುಂಗಭದ್ರೆಯನ್ನು. 1945ರಲ್ಲಿ ಕಾಮಗಾರಿ ಆರಂಭವಾಗಿ 1953ರಲ್ಲಿ ನೀರು ಹಾಯಿಸಿದ ಹೊಸಪೇಟೆಯ ಅಣೆಕಟ್ಟೆ ನಮ್ಮ ಮೇಲುಭಾಗದಲ್ಲಿಯೇ ಇದೆ. ಬೇಸಿಗೆಯ ಮೊದಲಲ್ಲಿ ಹೊಳೆಗೆ ಎಷ್ಟು ನೀರು ಇಳಿಯಬೇಕೆಂಬುದನ್ನು ನಿರ್ಧರಿಸುವುದು ಅಲ್ಲಿನ ಬಾಗಿಲುಗಳು. ಆದುದರಿಂದ ನಮ್ಮ ಕಾಲಿನ ಸಾಕ್ಷ್ಯವೊಂದರಿಂದಲೇ ಹದಿನೈದನೆಯ ಶತಮಾನದ ಹೊಳೆಯನ್ನು ಕುರಿತು ತೀರ್ಪು ಹೇಳುವುದು ಅಶಾಸ್ತ್ರೀಯ. ಕಾಲು ಪ್ರಶ್ನೆಯನ್ನು ಎತ್ತಬಲ್ಲುದು. ಉತ್ತರವನ್ನು ಸಮಕಾಲೀನ ಆಧಾರಗಳಲ್ಲಿಯೇ ಹುಡುಕಬೇಕು.

3. ಆಧಾರಗಳು ಹೇಳುವುದೇನು?

ಮೊದಲನೆಯದಾಗಿ ಫಿರಿಷ್ತಾನ ಸಾಕ್ಷ್ಯ. ಬಹಮನಿ ಸುಲ್ತಾನ ಅಹಮದ್ ಷಾ ಪಟ್ಟಕ್ಕೆ ಬಂದ ಹೊಸದರಲ್ಲಿ, 1423ರ ಸುಮಾರಿಗೆ, ತುಂಗಭದ್ರೆಯ ಎರಡು ದಡಗಳಲ್ಲಿ ಎರಡು ಸೇನೆಗಳೂ ಬೀಡುಬಿಟ್ಟು ನಲವತ್ತು ದಿನ ಕಾದುವೆಂದು ಅವನು ಬರೆಯುತ್ತಾನೆ. ಕೊನೆಗೆ ಸುಲ್ತಾನನ ದಳವೊಂದು ರಾತ್ರಿಯಲ್ಲಿ ಬೀಡಿನಿಂದ ದೂರ ಹೋಗಿ ಹೊಳೆಯನ್ನು ದಾಟಿ, ಬೆಳಗಾಗುವ ಹೊತ್ತಿಗೆ ರಾಯನ ಪಾಳೆಯದ ಸಮೀಪಕ್ಕೆ ಬಂದಿತು. ಕಬ್ಬಿನ ತೋಟದಲ್ಲಿ ಮಲಗಿದ್ದ ರಾಯನು ಗುರುತು ಸಿಗದೆ ಸಾಮಾನ್ಯ ಆಳಿನಂತೆ ಕಬ್ಬಿನ ಹೊರೆ ಹೊತ್ತು ಪಾರಾದನು. ಕಥೆಯ ಕೊನೆಯ ಭಾಗದಲ್ಲಿ ಎಷ್ಟು ಬಣ್ಣ ಸೇರಿದೆಯೋ, ಅದು ಬೇರೆಯ ಮಾತು. ನಮಗೆ ಬೇಕಾದುದು ಮೊದಲ ಭಾಗ. ನಲವತ್ತು ದಿನ ತಡೆದುದೂ ಈ ನದಿಯೇ, ಒಂದು ರಾತ್ರಿಯಲ್ಲಿ ದಾರಿ ಕೊಟ್ಟುದೂ ಈ ನದಿಯೇ. ಎದುರು ದಡದಲ್ಲಿ ಕಾವಲಿದ್ದಲ್ಲಿ ಅದು ಕಂದಕ. ಕಾವಲಿಲ್ಲದಲ್ಲಿ ಬರಿಯ ನೀರು.

ಎರಡನೆಯದಾಗಿ ಕಟ್ಟಡಗಳ ಸಾಕ್ಷ್ಯ. ಎರಡನೆಯ ದಿನ ನಾವು ಚಕ್ರತೀರ್ಥದಿಂದ ಹೊರಟು, ಬಲದಂಡೆಯ ಮೇಲೆ ಕೋದಂಡರಾಮನ ಗುಡಿ, ಬಂಡೆಯ ಮೇಲೆ ಕೊರೆದ ಲಿಂಗಗಳ ಸಮೂಹ, ಪುರಂದರ ಮಂಟಪ ಇವುಗಳನ್ನು ಹಾದು ತಳವಾರಘಟ್ಟದವರೆಗೆ ನಡೆದೆವು. ಅಲ್ಲಿ ಹೊಳೆಯ ಕಡೆಗೆ ಇಳಿಯುವ ದಾರಿಗೆ ಅಡ್ಡವಾಗಿ, ಬಂಡೆಗಳ ಇಕ್ಕಟ್ಟಿನಲ್ಲಿ, ಭದ್ರವಾದ ಕೋಟೆಬಾಗಿಲು ನಿಂತಿದೆ. ಎದುರು ದಡದಲ್ಲಿ ಆನೆಗೊಂದಿಗೂ ಕೋಟೆಯುಂಟು. 1520ರ ಸುಮಾರಿಗೆ ಇಲ್ಲಿಗೆ ಬಂದ ಡೊಮಿಂಗೊ ಪಾಯೆಸನು, ಆನೆಗೊಂದಿಯಲ್ಲಿ ಜನವಸತಿ ಅಲ್ಪವಾಗಿದ್ದರೂ ಅದಕ್ಕೆ ಗೋಡೆಗಳಿದ್ದುವೆಂದೂ, ಅರಸನ ಪರವಾಗಿ ಅದನ್ನು ಕಾಯುವ ಅಧಿಕಾರಿಯಿದ್ದನೆಂದೂ ತಿಳಿಸುತ್ತಾನೆ. ನದಿಯು ತಾನೇ ದುರ್ಗಮವಾಗಿದ್ದರೆ ಅದರ ಆಚೆಯ ದಡದಲ್ಲಿ, ಜನರು ಬಿಟ್ಟುಹೋದ ಊರಿನಲ್ಲಿ, ಕಾವಲಿಡುವ ಅಗತ್ಯವೇನಿತ್ತು? ಈಚೆಯ ದಡದಲ್ಲಿ ಕಡವಿನ ಬಾಯಿಗೆ ಬಾಗಿಲೇಕೆ? ರಾಯರು ಹೊಳೆಯನ್ನು ನಂಬಿರಲಿಲ್ಲ. ಹೊಳೆಯ ಕಡವುಗಳನ್ನು ಕಾಯುತ್ತಿದ್ದ ಜನರನ್ನು ನಂಬಿದ್ದರು.

ಮಳೆಗಾಲದ ಮಾತು ಬೇರೆ. ಆಷಾಢ ಶ್ರಾವಣಗಳ ಪ್ರವಾಹದಲ್ಲಿ ಈ ಹೊಳೆ ನಿಜವಾಗಿಯೂ ಗೋಡೆಯಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಬಾಗಿಲುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ಕಬ್ಬಿಣ ಕಾಂಕ್ರೀಟುಗಳ ಯುಗದಲ್ಲಿಯೂ ಕೆಳಗಣ ದಡದವರೆಲ್ಲ ಎಚ್ಚರವಾಗಿರಬೇಕಾಯಿತು. ಆದರೆ ಪ್ರವಾಹ ಇಳಿಯುವ ಆಶ್ವಯುಜದ ಹೊತ್ತಿಗೆ ಮಹಾನವಮಿ ಬರುತ್ತದೆ. ನಾಡಿನ ದಂಡನಾಯಕರು ತಮ್ಮ ಸೇನೆಗಳೊಡನೆ ರಾಜಧಾನಿಯಲ್ಲಿ ನೆರೆದು, ಅರಸನು ಅವರ ದಂಡನ್ನು ಪರಿಶೀಲಿಸುತ್ತಿದ್ದುದನ್ನು ಪಾಯೆಸನು ಕಣ್ಣಾರೆ ಕಂಡು ಬಣ್ಣಿಸಿದ್ದಾನೆ. ಹೊಳೆಯ ಬಾಗಿಲು ತೆರೆಯುವ ಕಾಲಕ್ಕೆ ಸರಿಯಾಗಿ ಸೇನೆಯ ಎಣಿಕೆ ನಡೆಯುತ್ತಿದ್ದುದು ಕೇವಲ ಕಾಕತಾಳೀಯವಲ್ಲವೆಂದು ನನ್ನ ನಮ್ರ ಅಭಿಪ್ರಾಯ.

4. ಹರಿಗೋಲು

ತಳವಾರಘಟ್ಟದಿಂದ ಆನೆಗೊಂದಿಗೆ ನಾವು ಹರಿಗೋಲಿನಲ್ಲಿ ದಾಟಿದೆವು. ವಾಹನಗಳಿಗೆ ಈಗ ಬುಕ್ಕಸಾಗರ–ಕಡೇಬಾಗಿಲಿನ ಸೇತುವೆಯಿದೆ. ಇದಕ್ಕೆ ಮೊದಲು ತಳವಾರಘಟ್ಟದ ಬಳಿ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು, ದುಡಿಯುತ್ತಿದ್ದವರು ಪ್ರಾಣ ಕಳೆದುಕೊಂಡರು. ಅದಕ್ಕಿಂತ ಬಹುಹಿಂದೆ ವಿಜಯನಗರದ ಕಾಲದಲ್ಲಿ ಕಟ್ಟಿದ ಸೇತುವೆಯ ಕಲ್ಲುಕಂಬಗಳು ಪುರಂದರ ಮಂಟಪದ ಸಮೀಪದಲ್ಲಿ ಹೊಳೆಯೊಳಗೆ ಸಾಲಾಗಿ ನಿಂತಿವೆ. ಮೇಲಣ ಹಾಸು ಎಂದೋ ಹೋಗಿದೆ. ಸೇತುವೆಗಳು ಬಂದವು, ಬಿದ್ದವು. ನಡುವಣ ಶತಮಾನಗಳಲ್ಲಿ ಜನರನ್ನು ದಾಟಿಸುತ್ತ ಬಂದುದು ಒಂದು ದುಂಡನೆಯ ಬುಟ್ಟಿ.

ಪಾಯೆಸನು ಈ ಬುಟ್ಟಿಯನ್ನು ತೃಪ್ತಿಕರವಾಗಿ ವರ್ಣಿಸಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ. ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸಬಹುದು, ಆದರೆ ಅವು ಬಹುಮಟ್ಟಿಗೆ ಈಜಿಕೊಂಡೇ ಹೋಗುತ್ತವೆ. ಹುಟ್ಟಿನಂತಹ ಸಾಧನದಿಂದ ನಡೆಸುವ ಇವು ನೇರವಾಗಿ ಹೋಗಲಾರದೆ ಸದಾ ಸುತ್ತುತ್ತಿರುತ್ತವೆ. ರಾಜ್ಯದ ಹೊಳೆಗಳಲ್ಲೆಲ್ಲ ಇವಲ್ಲದೆ ಬೇರೆ ದೋಣಿಯಿಲ್ಲ. ಇಂದಿನ ಹರಿಗೋಲಿನಲ್ಲಿ ಬೆತ್ತದ ಬದಲು ಬಿದಿರು, ತೊಗಲಿನ ಬದಲು ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ. ಉಳಿದುದೆಲ್ಲ ಐನೂರು ವರ್ಷಗಳ ಹಿಂದಿನಂತೆಯೇ ಇದೆ.

ಇವು ಸುತ್ತುವುದೇಕೆಂಬುದು ನನಗೆ ಹುಟ್ಟು ಕೈಗೆ ಬಂದಾಗ ತಿಳಿಯಿತು. ಮೂರನೆಯ ದಿನ, ವ್ಯಾಸತೀರ್ಥರೇ ಮೊದಲಾದ ಒಂಬತ್ತು ಮಂದಿ ಯತಿಗಳ ಬೃಂದಾವನಗಳಿರುವ ನವಬೃಂದಾವನದ ನಡುಗಡ್ಡೆಗೆ ಹೋಗಿ, ಅಲ್ಲಿಂದ ಹೊಳೆಯ ಜಾಡಿನಲ್ಲಿ ಕೆಳಕ್ಕೆ ಸಾಗುವಾಗ, ನಮ್ಮ ವೃದ್ಧ ಅಂಬಿಗರು ಶಾಂತವಾದ ಮಡುವೊಂದರಲ್ಲಿ ನನಗೆ ಹುಟ್ಟನ್ನು ಕೊಟ್ಟರು. ನಾನು ದೋಣಿಯಲ್ಲಿ ಮಾಡುವಂತೆ ಪಕ್ಕದ ನೀರನ್ನು ಹಿಂದಕ್ಕೆ ತಳ್ಳಿದೆ. ಹರಿಗೋಲು ಇದ್ದಲ್ಲಿಯೇ ಗಿರಗಿರನೆ ಸುತ್ತಿತು. ಮಿತ್ರರು ತಲೆ ಹಿಡಿದುಕೊಂಡು ಕುಳಿತರು. “ನೀರಿನ ಕೂಡ ಜಗಳಾ ಆಡಬ್ಯಾಡ್ರಿ ಸರ, ಮುಂದಿನ ನೀರ ನಿಮ್ಮ ಕಡಿ ಎಳ್ಕೊಳ್ರಿ,” ಎಂದರು ಅಂಬಿಗರು. ದುಂಡು ಬುಟ್ಟಿಗೆ ಮುಂಭಾಗವೂ ಇಲ್ಲ, ಹಿಂಭಾಗವೂ ಇಲ್ಲ. ನೀರನ್ನು ಸೀಳಿ ದಿಕ್ಕು ಹಿಡಿಯಲು ಅಡಿಯಲ್ಲಿ ಏಣು ಕೂಡ ಇಲ್ಲ. ಪಕ್ಕದಲ್ಲಿ ಕೊಟ್ಟ ಬಲವೆಲ್ಲ ಸುತ್ತಾಗಿ ಮಾರ್ಪಡುತ್ತದೆ. ಆದುದರಿಂದ ಅಂಬಿಗನು ಹೋಗಬೇಕಾದ ದಿಕ್ಕಿನ ಅಂಚಿನಲ್ಲಿಯೇ ಕುಳಿತು, ಹುಟ್ಟನ್ನು ತನ್ನ ಮುಂದೆ ಇಳಿಸಿ, ಎಡಕ್ಕೂ ಬಲಕ್ಕೂ ಸರದಿಯಂತೆ ನೀರನ್ನು ತನ್ನೆಡೆಗೆ ಸೆಳೆಯುತ್ತಾನೆ. ಬುಟ್ಟಿ ಆ ಸೆಳೆತವನ್ನು ಹಿಂಬಾಲಿಸುತ್ತದೆ.

ಈ ದುಂಡುತನ ಅಜ್ಞಾನದ ಫಲವಲ್ಲ. ಬಂಡೆಗಳಿಂದ ತುಂಬಿದ ಹೊಳೆಯಲ್ಲಿ ಉದ್ದನೆಯ ಮರದ ದೋಣಿ ಎರಡು ಕಲ್ಲುಗಳ ನಡುವೆ ಸಿಕ್ಕಿ ಒಡೆಯುತ್ತದೆ. ಹರಿಗೋಲು ಕಲ್ಲಿಗೆ ತಾಗಿ, ಬಿದಿರು ಸ್ವಲ್ಪ ಬಗ್ಗಿ, ಸುತ್ತಿಕೊಂಡು ಪಕ್ಕಕ್ಕೆ ಜಾರುತ್ತದೆ. ತಳ ಚಪ್ಪಟೆಯಾದುದರಿಂದ ಗೇಣು ಮೇಲ್ಪಟ್ಟ ನೀರಿನಲ್ಲಿಯೂ ತೇಲುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಅದು ಹಗುರ. ನವಬೃಂದಾವನದ ಕೆಳಗೆ ನೀರು ಭೋರ್ಗರೆಯುತ್ತ ಬಂಡೆಗಳ ನಡುವೆ ಇಳಿಯುವ ಸ್ಥಳವೊಂದು ಎದುರಾದಾಗ ಅಂಬಿಗರು ನಮ್ಮನ್ನು ಇಳಿಸಿ, ಹರಿಗೋಲನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತು ದಡದ ಬಂಡೆಗಳ ಮೇಲೆ ನಡೆದರು. ದೂರದಿಂದ ನೋಡಿದರೆ ದೊಡ್ಡ ಆಮೆಯೊಂದು ಎದ್ದು ನಡೆದಂತಿತ್ತು. ನೀರು ಶಾಂತವಾದಲ್ಲಿ ಮತ್ತೆ ಇಳಿಸಿದರು. ಹಿಂದಿರುಗುವಾಗ ಪ್ರವಾಹಕ್ಕೆ ಎದುರಾಗಿ ಹುಟ್ಟು ಹಾಕುವ ಪ್ರಶ್ನೆಯೇ ಇರಲಿಲ್ಲ. ದಾರಿಯುದ್ದಕ್ಕೂ ಹರಿಗೋಲು ತಲೆಯ ಮೇಲೆಯೇ ಬಂದಿತು.

ಆಗ ನನಗೆ ನೆನಪಾದುದು ಗ್ರೀಕ್ ಇತಿಹಾಸಕಾರ ಹೆರೊಡೋಟಸನ ವರ್ಣನೆ. ಬ್ಯಾಬಿಲೋನಿಗೆ ಅರ್ಮೇನಿಯದಿಂದ ಸರಕು ತರುವ ದುಂಡನೆಯ ತೊಗಲುದೋಣಿಗಳು ಪ್ರವಾಹದೊಡನೆ ಕೆಳಕ್ಕೆ ಮಾತ್ರ ಬರುತ್ತವೆ. ಊರು ಸೇರಿದ ಮೇಲೆ ವರ್ತಕರು ಹಂದರವನ್ನು ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿಕೊಂಡು ನಡೆದು ಹಿಂದಿರುಗುತ್ತಾರೆಂದು ಅವನು ಬರೆದಿದ್ದಾನೆ. ಎರಡು ಸಾವಿರದ ನಾನೂರು ವರ್ಷಗಳ ಹಿಂದಿನ ಆ ಹೊಳೆಯಲ್ಲಿಯೂ ನಮ್ಮ ಹೊಳೆಯಲ್ಲಿಯೂ ನಿಯಮ ಒಂದೇ: ಹುಟ್ಟಿನ ಪಯಣಕ್ಕೆ ಕಾಲ್ನಡಿಗೆಯೇ ಉಳಿದರ್ಧ.

5. ಇದರಿಂದ ತಿಳಿಯುವುದೇನು?

ಈ ನದಿ ಉದ್ದಕ್ಕೆ ದಾರಿಯಾಗಿರಲಿಲ್ಲ. ಗಂಗೆಯ ಮೇಲೆ ನಡೆದಂತಹ ಸರಕುಸಾಗಣೆ ಈ ಬಂಡೆಗಳ ನಡುವೆ ಅಸಾಧ್ಯ. ಆದರೆ ಅಡ್ಡಕ್ಕೆ ಅದು ಬಾಗಿಲಾಗಿತ್ತು. ಹರಿಗೋಲು ಆ ಬಾಗಿಲಿನ ಕದ. ಬಿದಿರು ತೊಗಲುಗಳಿದ್ದಲ್ಲೆಲ್ಲ ಅದನ್ನು ಹೆಣೆಯಬಹುದು. 1800ರ ಜೂನ್ ತಿಂಗಳಲ್ಲಿ ಧೋಂಡಿಯ ವಾಘನನ್ನು ಬೆನ್ನಟ್ಟಿದ ಆರ್ಥರ್ ವೆಲ್ಲೆಸ್ಲಿಯು ಹರಿಹರದ ಬಳಿ ಇದೇ ತುಂಗಭದ್ರೆಯನ್ನು ದಾಟಬೇಕಾಯಿತು. ದಕ್ಖನಿನ ನದಿಗಳನ್ನು ಸೇನೆ ದಾಟಲು ಬುಟ್ಟಿದೋಣಿಗಳ ಸಿದ್ಧತೆ ಎಷ್ಟು ಮುಖ್ಯವೆಂಬುದು ಅವನ ಪತ್ರಗಳಲ್ಲಿ ಕಾಣುತ್ತದೆ. ಯಾರ ಕೈಯಲ್ಲಿ ಕಡವೂ ಹರಿಗೋಲೂ ಅಂಬಿಗನೂ ಇದ್ದರೋ ಅವರ ಕೈಯಲ್ಲಿ ನದಿಯಿತ್ತು. 1565ರ ಜನವರಿಯಲ್ಲಿ ರಕ್ಕಸ–ತಂಗಡಿಯ ಸೋಲಿನ ತರುವಾಯ ತಿರುಮಲರಾಯನು ರಾಜಧಾನಿಯನ್ನು ಬಿಟ್ಟು ಪೆನುಗೊಂಡೆಯ ಕಡೆಗೆ ಹೊರಟಾಗ, ಹೊಳೆ ಎಲ್ಲಿಗೂ ಹೋಗಿರಲಿಲ್ಲ. ಬೆಟ್ಟಗಳೂ ಕೋಟೆಗಳೂ ಇದ್ದುವು. ಇಲ್ಲದಿದ್ದುದು ಕಾಯುವ ಜನ. ಕಂದಕವಾಗಿದ್ದುದು ನೀರಲ್ಲ, ಕಾವಲು.

ಇನ್ನೊಂದು ವಿಷಯವನ್ನು ಹೇಳಿ ಮುಗಿಸುತ್ತೇನೆ. ನಮ್ಮ ಅಂಬಿಗರು ದಾರಿಯುದ್ದಕ್ಕೂ ಒಂದೊಂದು ಬಂಡೆಗೂ ಮಡುವಿಗೂ ಹೆಸರು ಹೇಳುತ್ತಿದ್ದರು. ಆನೆಗೊಂದಿಯ ಕಡೆಯ ದಡದ ಒಂದು ಗುಂಡನ್ನು ತೋರಿಸಿ, “ಅದರ ನೆತ್ತಿ ಮುಣುಗಿತು ಅಂದ್ರ ನಮ್ಮಪ್ಪ ಹರಗೋಲ ಇಳಸತಿರಲಿಲ್ಲ,” ಎಂದರು. ಇದು ಬರೆದಿಡದ ಒಂದು ಅಳತೆಗೋಲು. ಎಷ್ಟೋ ತಲೆಮಾರುಗಳ ಲೆಕ್ಕ ಅದರಲ್ಲಿದೆ. ಅವರ ಮಕ್ಕಳು ಯಾರೂ ಈ ಕಸುಬಿನಲ್ಲಿಲ್ಲ. ಕಲ್ಲಿನ ಶಾಸನಗಳನ್ನು ಸಂಗ್ರಹಿಸಲು ನಮ್ಮಲ್ಲಿ ಇಲಾಖೆಗಳಿವೆ. ಈ ಕಲ್ಲುಗಳ ಹೆಸರುಗಳನ್ನು ಸಂಗ್ರಹಿಸುವ ಕೆಲಸವನ್ನು ಕಾಲೇಜಿನ ಇತಿಹಾಸ ಸಂಘಗಳು ಕೈಗೊಳ್ಳಬಹುದು. ಒಂದು ನೋಟುಪುಸ್ತಕ, ಗಟ್ಟಿಯಾದ ಪಾದರಕ್ಷೆ, ಸ್ಥಳವನ್ನು ಬಲ್ಲ ಅಂಬಿಗರೊಬ್ಬರು, ಇಷ್ಟು ಸಾಕು. ಅಣೆಕಟ್ಟೆಯಿಂದ ನೀರು ಬಿಡುವ ಸಮಾಚಾರವನ್ನು ತಿಳಿಯದೆ ಮಾತ್ರ ವಿದ್ಯಾರ್ಥಿಗಳು ಹೊಳೆಗೆ ಇಳಿಯಬಾರದು.

ಈ ವರ್ಷ ಅದೇ ಪಾಠ ಬಂದಾಗ ನಾನು ಕರಿಹಲಗೆಯ ಮೇಲೆ ಹಿಂದಿನಂತೆ ದಪ್ಪ ಗೆರೆಯನ್ನೆಳೆದೆ. ಆಮೇಲೆ ಬಟ್ಟೆ ತೆಗೆದುಕೊಂಡು ಅದನ್ನು ಅಲ್ಲಲ್ಲಿ ಅಳಿಸಿದೆ. ಅಳಿಸಿದ ಜಾಗಗಳೇಕೆಂದು ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಅಲ್ಲಿಂದ ಪಾಠವನ್ನು ಆರಂಭಿಸಿದೆ.